ಮಡಿಕೇರಿ ಚಳಿಯಲ್ಲಿ ಬೋನ್ಸಾಯ್: ಜುನಿಪರ್, ಮೇಪಲ್, ಫೈಕಸ್ ಒಳಗಿಡಬೇಕಾ?

ಮಂಜಿನಮನೆ
ಮಡಿಕೇರಿ ಪೇಟೆಗಿಂತ ಸ್ವಲ್ಪ ಎತ್ತರದಲ್ಲಿ ಮನೆ. ಜುನಿಪರ್, ಜಪಾನೀ ಮೇಪಲ್, ಫೈಕಸ್ ಮೈಕ್ರೊಕಾರ್ಪಾ (ಆಲದ ಜಾತಿಯದು), ಈ ಮೂರು ಬೋನ್ಸಾಯ್ ಗಿಡಗಳಿವೆ. ಮೂರೂ ನರ್ಸರಿಯಿಂದ ಬಂದ ಹಾಗೇ ಕೋಕೋಪೀಟ್ ಮತ್ತು ಕೆಮ್ಮಣ್ಣಿನ ಮಿಶ್ರಣದಲ್ಲಿವೆ. ಕುಂಡದ ಆಳ ಎರಡೂವರೆ ಇಂಚು. ಮಳೆ ಮುಗಿದ ಮೇಲೆ ಜುನಿಪರಿನ ತುದಿಗಳು ಬೂದುಬಣ್ಣಕ್ಕೆ ತಿರುಗಿವೆ, ಫೈಕಸ್ ಎಲೆ ಹಳದಿಯಾಗಿ ಉದುರುತ್ತಿದೆ. ಚಳಿ ಹೆಚ್ಚಾಯಿತೇ? ಡಿಸೆಂಬರ್-ಜನವರಿಯಲ್ಲಿ ಗಿಡಗಳನ್ನು ಮನೆಯೊಳಗೆ ಇಡಬೇಕಾ?

ಗೋಣಿಮರ
ಜುನಿಪರನ್ನು ಮನೆಯೊಳಗೆ ಇಡಲೇಬೇಡಿ. ಅದಕ್ಕೆ ಚಳಿ ಆಗಿಲ್ಲ, ಬೇರು ಕೊಳೆತಿದೆ. ಮಡಿಕೇರಿಯಲ್ಲಿ ಡಿಸೆಂಬರ್-ಜನವರಿ ರಾತ್ರಿ ಸಾಮಾನ್ಯವಾಗಿ 10ರಿಂದ 14 ಡಿಗ್ರಿ. ಒಂದೊಂದು ದಿನ ಇನ್ನೂ ಇಳಿಯಬಹುದು, ಆದರೆ ಕುಂಡದ ಮಣ್ಣು ಹೆಪ್ಪುಗಟ್ಟುವ ಮಾತೇ ಇಲ್ಲ. ಹಿಮ ಬೀಳುವ ಊರುಗಳಲ್ಲಿ ಬೆಳೆಯುವ ಗಿಡಕ್ಕೆ ಇದು ಚಳಿಯೇ ಅಲ್ಲ. ಅದನ್ನು ಕೊಲ್ಲುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೀರು ಮತ್ತು ಮಬ್ಬು.

ಜುನಿಪರ್ ಸತ್ತದ್ದು ತಡವಾಗಿ ಗೊತ್ತಾಗುತ್ತೆ. ಬೇರು ಹೋದ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತೆ. ಮೊದಲು ಹೊಳಪು ಹೋಗುತ್ತೆ, ಆಮೇಲೆ ಬೂದು, ಕೊನೆಗೆ ಕಂದು. ನಿಮ್ಮದು ಬೂದಿನ ಹಂತದಲ್ಲಿದೆ. ಈಗಲೇ ಎರಡು ಪರೀಕ್ಷೆ ಮಾಡಿ:

ಒಂದು, ಬೂದಾದ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ತೇವ ಇದ್ದರೆ ಜೀವ ಇದೆ. ತುದಿಯಿಂದ ಬುಡದ ಕಡೆಗೆ ಕೆರೆಯುತ್ತಾ ಹೋಗಿ, ಎಲ್ಲಿ ಹಸಿರು ಸಿಗುತ್ತದೋ ಅಲ್ಲಿಯವರೆಗೆ ಕತ್ತರಿಸಿ.

ಎರಡು, ಗಿಡವನ್ನು ಕುಂಡದಿಂದ ಮಣ್ಣಿನ ಸಮೇತ ಎತ್ತಿ ತಳ ನೋಡಿ. ಬಿಳಿ ಅಥವಾ ತಿಳಿ ಕಂದು ತುದಿಯ ಗಟ್ಟಿ ಬೇರು ಇದ್ದರೆ ಸರಿ. ಬೇರು ಕಪ್ಪಾಗಿದ್ದು, ಹಿಡಿದೆಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಉಳಿದರೆ, ಜೊತೆಗೆ ಚರಂಡಿ ವಾಸನೆಯೂ ಬಂದರೆ, ಅದು ಕೊಳೆ ರೋಗ.

ಮಂಜಿನಮನೆ
ನೋಡಿದೆ. ತಳದ ಒಂದು ಇಂಚು ಪೂರ್ತಿ ಕಪ್ಪು, ವಾಸನೆ ಇದೆ. ಮೇಲಿನ ಬೇರು ಗಟ್ಟಿಯಾಗಿದೆ. ಕುಂಡಕ್ಕೆ ಎರಡು ತೂತು ಇವೆ, ನೀರು ಹಾಕಿದರೆ ಹೊರಗೆ ಬರುತ್ತೆ. ಹಾಗಿದ್ದೂ ಯಾಕೆ ಕೊಳೆಯಿತು?

ಗೋಣಿಮರ
ತೂತು ಇದ್ದ ಮಾತ್ರಕ್ಕೆ ನೀರು ಪೂರ್ತಿ ಇಳಿಯುವುದಿಲ್ಲ. ಮಣ್ಣಿನ ಕಣಗಳ ನಡುವೆ ನೀರು ಅಂಟಿಕೊಂಡು ತಳದಲ್ಲಿ ಒಂದು ಪದರ ಸದಾ ತುಂಬಿರುತ್ತೆ. ಅದರ ಎತ್ತರವನ್ನು ತೀರ್ಮಾನಿಸುವುದು ಕಣದ ಗಾತ್ರ, ಕುಂಡದ ಆಳ ಅಲ್ಲ. ಕೋಕೋಪೀಟ್ ಮತ್ತು ಕೆಮ್ಮಣ್ಣಿನಂಥ ನುಣುಪು ಮಿಶ್ರಣದಲ್ಲಿ ಆ ಪದರ ಒಂದೆರಡು ಇಂಚು ಇರಬಹುದು. ಕುಂಡ 8 ಇಂಚು ಆಳ ಇದ್ದರೆ ಮೇಲಿನ 6 ಇಂಚಿನಲ್ಲಿ ಬೇರು ಉಸಿರಾಡುತ್ತೆ. ಎರಡೂವರೆ ಇಂಚಿನ ಕುಂಡದಲ್ಲಿ ಬೇರಿಗೆ ಉಳಿಯುವ ಗಾಳಿ ಎಷ್ಟು, ಲೆಕ್ಕ ಹಾಕಿ. ಬಯಲುಸೀಮೆಯಲ್ಲಿ ಬಿಸಿಲು ಆ ನೀರನ್ನು ಒಂದೇ ದಿನದಲ್ಲಿ ಎಳೆದುಬಿಡುತ್ತೆ. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆ ತಿಂಗಳು) ಇಲ್ಲಿ ಎಳೆಯುವವರು ಯಾರು?

ತಕ್ಷಣಕ್ಕೆ ಕುಂಡದ ಒಂದು ಬದಿಗೆ ಎರಡು ಇಂಚಿನ ಮರದ ತುಂಡು ಕೊಟ್ಟು ಓರೆಯಾಗಿ ನಿಲ್ಲಿಸಿ. ತುಂಬಿದ ನೀರು ತಗ್ಗಿನ ಮೂಲೆಗೆ ಸರಿದು ಅಲ್ಲಿಯ ತೂತಿನಿಂದ ಇಳಿಯುತ್ತೆ, ಒದ್ದೆ ಮಣ್ಣಿನ ಪ್ರಮಾಣ ತಗ್ಗುತ್ತೆ. ಉದ್ದ ಕುಂಡವಾದರೆ ಉದ್ದದ ತುದಿಯನ್ನೇ ಎತ್ತಬೇಕು, ಅಡ್ಡಕ್ಕೆ ಎತ್ತಿದರೆ ಲಾಭ ಕಡಿಮೆ.

ಹಿಮದೂರು
ಕೆನಡಾದಿಂದ ಬರೆಯುತ್ತಿದ್ದೇನೆ, ಮೂಲ ವಿರಾಜಪೇಟೆ ಕಡೆ. "ಚಳಿ ಪ್ರದೇಶದ ಬೋನ್ಸಾಯ್" ಅಂತ ಹುಡುಕಿದರೆ ಸಿಗುವ ಸಲಹೆಗಳು ಇಲ್ಲಿಯವರಿಗಾಗಿ ಬರೆದವು. ಅದನ್ನೇ ಕೊಡಗಿನಲ್ಲಿ ಮಾಡಿದರೆ ಕೆಡುಕೇ ಹೆಚ್ಚು. ವ್ಯತ್ಯಾಸ ತಿಳಿಯಲಿ ಅಂತ ಇಲ್ಲಿಯ ಪದ್ಧತಿ ಹೇಳುತ್ತೇನೆ.

ಇಲ್ಲಿ ಸಮಸ್ಯೆ ಬೇರಿನದು. ಜುನಿಪರ್, ಮೇಪಲ್‌ಗಳ ರೆಂಬೆ -20 ಡಿಗ್ರಿ ತಡೆದರೂ ಬೇರು -10ರ ಆಸುಪಾಸಿಗೇ ಸಾಯಲು ಶುರು. ನೆಲದಲ್ಲಿರುವ ಮರಕ್ಕೆ ಭೂಮಿಯ ಶಾಖ ಸಿಗುತ್ತೆ, ಕುಂಡದ ಗಿಡಕ್ಕೆ ನಾಲ್ಕೂ ಕಡೆಯಿಂದ ಚಳಿ. ಅದಕ್ಕೇ ಅಕ್ಟೋಬರ್-ನವೆಂಬರಿನಲ್ಲಿ ಎಲೆ ಉದುರಿದ ಮೇಲೆ ಕುಂಡವನ್ನು ಅಂಚಿನವರೆಗೆ ನೆಲದಲ್ಲಿ ಹೂತು, ಮೇಲೆ ನಾಲ್ಕೈದು ಇಂಚು ತೊಗಟೆ ಚೂರು ಮುಚ್ಚುತ್ತಾರೆ. ಇಲ್ಲವೇ ಹೀಟರ್ ಇಲ್ಲದ ಗ್ಯಾರೇಜಿನಲ್ಲಿ 0ರಿಂದ 5 ಡಿಗ್ರಿ ಕಾಯ್ದುಕೊಳ್ಳುತ್ತಾರೆ. ಎಲೆ ಇಲ್ಲದ ಗಿಡಕ್ಕೆ ಆಗ ಬೆಳಕು ಬೇಡ, ಎರಡು ವಾರಕ್ಕೊಮ್ಮೆ ತೇವ ನೋಡಿದರೆ ಸಾಕು. ಜಪಾನಿನಲ್ಲಿ ಇದಕ್ಕೆಂದೇ "ಮುರೊ" ಎನ್ನುವ ತಗ್ಗು ಮಾಡಿನ ಕೋಣೆ ಕಟ್ಟುತ್ತಾರೆ. ಹಿಮ ಬಿದ್ದರೆ ಗುಡಿಸುವುದಿಲ್ಲ, ಅದೇ ಕಂಬಳಿ. ಕೆಡಿಸುವುದು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮಾರ್ಚ್ ತಿಂಗಳು. ಬೇರು ಹರಿಯುತ್ತೆ, ನೀರು ಹೀರುವ ಮಣ್ಣಿನ ಕುಂಡ ಸೀಳುತ್ತೆ.

ಇದರಲ್ಲಿ ಒಂದೂ ನಿಮಗೆ ಬೇಕಿಲ್ಲ. ಮಡಿಕೇರಿಯಲ್ಲಿ ಕುಂಡ ಹೂಳಿದರೆ ಬಾವಿಗೆ ಇಳಿಸಿದ ಹಾಗೆ.

ಕಾಫಿಕಾಡು
ಮೇಪಲ್ ಬಗ್ಗೆ ಯಾರೂ ಹೇಳಲಿಲ್ಲ. ಕೊಡಗು ತಂಪು ಊರು, ಇಲ್ಲಿ ಮೇಪಲ್ ಬರುತ್ತೆ ಅಂತ ಮಾರಾಟಗಾರರು ಹೇಳುತ್ತಾರೆ. ನಿಜವೇ?

ಹಿಮದೂರು
ಬದುಕುತ್ತೆ, ಬಾಳುವುದಿಲ್ಲ. ಜಪಾನೀ ಮೇಪಲ್‌ಗೆ ಸುಮಾರು 7 ಡಿಗ್ರಿಗಿಂತ ಕೆಳಗೆ ಹಲವು ನೂರು ಗಂಟೆಗಳ ಚಳಿ ನಿದ್ರೆ ಬೇಕು. ಆ ಲೆಕ್ಕ ತುಂಬಿದ ಮೇಲೇ ಮೊಗ್ಗು ಒಟ್ಟಿಗೆ ಒಡೆಯುವುದು. ಹಗಲು ಮೋಟಾಗುವ ಸೂಚನೆಯೂ ಕೊಡಗಿನಲ್ಲಿ ದುರ್ಬಲ: ವರ್ಷದ ಅತಿ ಮೋಟು ಹಗಲೂ ಅಲ್ಲಿ 11 ಗಂಟೆಗಿಂತ ಮೇಲೆ, ಟೊರೊಂಟೊದಲ್ಲಿ ಸುಮಾರು 9. ಹಾಗಾಗಿ ಎಲೆ ಪೂರ್ತಿ ಉದುರುವುದಿಲ್ಲ, ಫೆಬ್ರವರಿಯಲ್ಲಿ ತುದಿ ಮೊಗ್ಗು ಮಾತ್ರ ಒಡೆಯುತ್ತೆ, ಒಳ ರೆಂಬೆಗಳು ಚಿಗುರದೆ ಒಣಗುತ್ತವೆ. ವರ್ಷ ವರ್ಷಕ್ಕೂ ಶಕ್ತಿ ಇಳಿದು ಕೊನೆಗೆ ಗಿಡ ಹೋಗುತ್ತೆ. ಲಾರ್ಚ್ (ಚಳಿಗೆ ಎಲೆ ಉದುರಿಸುವ ಸೂಜಿ ಎಲೆಯ ಮರ) ಅಂತೂ ಕೇಳಲೇಬೇಡಿ.

ಕುಂಡಪ್ರಿಯ
ಫ್ರಿಜ್‌ನಲ್ಲಿಟ್ಟು ನಿದ್ರೆ ಮಾಡಿಸುವ ಉಪಾಯ ಕೆಲವರು ಹೇಳುತ್ತಾರಲ್ಲ?

ಹಿಮದೂರು
ಆಗುತ್ತೆ, ಆದರೆ ಅದಕ್ಕೆಂದೇ ಬೇರೆ ಫ್ರಿಜ್ ಬೇಕು. ಹಣ್ಣು ತರಕಾರಿ ಇರುವ ಫ್ರಿಜ್‌ನಲ್ಲಿ ಎಥಿಲೀನ್ ಅನಿಲ ಮೊಗ್ಗನ್ನು ಕೆಡಿಸುತ್ತೆ, ಫ್ರಾಸ್ಟ್-ಫ್ರೀ ಯಂತ್ರದ ಒಣ ಗಾಳಿ ರೆಂಬೆಯನ್ನು ಒಣಗಿಸುತ್ತೆ. ಅದಕ್ಕೂ ಮೊದಲು ಎಲೆ ಉದುರಿಸಿ ಹಂತ ಹಂತವಾಗಿ ತಂಪಿಗೆ ಒಗ್ಗಿಸಬೇಕು. ಇಷ್ಟೆಲ್ಲ ಸರ್ಕಸ್ ಮಾಡುವ ಬದಲು ಚೈನೀಸ್ ಎಲ್ಮ್ ಹಾಕಿ. ಅದಕ್ಕೆ ಚಳಿ ನಿದ್ರೆ ಕಡ್ಡಾಯ ಅಲ್ಲ, ಸೌಮ್ಯ ಹವೆಯಲ್ಲಿ ಎಲೆ ಇಟ್ಟುಕೊಂಡೇ ಚಳಿಗಾಲ ಕಳೆಯುತ್ತೆ. ಎಲೆ ಸಣ್ಣದು, ಕತ್ತರಿಸಿದ ಕಡೆಯಲ್ಲೆಲ್ಲ ಚಿಗುರುತ್ತೆ. ಅಜೇಲಿಯಾ, ಕ್ಯಾಮೆಲಿಯಾ, ಪೊಡೊಕಾರ್ಪಸ್ ಕೂಡ ಕೊಡಗಿನ ತಂಪಿಗೆ ಒಪ್ಪುತ್ತವೆ. ಅಜೇಲಿಯಾಕ್ಕೆ ಸುಣ್ಣದ ನೀರು ಆಗದು, ಮಳೆನೀರು ಹಿಡಿದಿಟ್ಟು ಹಾಕಿ.

ಇಟ್ಟಿಗೆಚೂರು
ಮಣ್ಣಿನ ವಿಷಯಕ್ಕೆ ಬರೋಣ, ಅಲ್ಲೇ ಅರ್ಧ ಪರಿಹಾರ ಇದೆ. ಆಮದು ಅಕಡಾಮಾ (ಜಪಾನಿನ ಹರಳು ಜೇಡಿಮಣ್ಣು) ಬೇಕಿಲ್ಲ, ದುಬಾರಿ. ಸತತ ಮಳೆಗೆ ನೆಂದು ಕ್ರಮೇಣ ಪುಡಿಯಾಗುತ್ತೆ.

ಪಶ್ಚಿಮ ಕೊಡಗಿನ ಮಳೆಗೆ, ಅಂದರೆ ಮಡಿಕೇರಿ, ಭಾಗಮಂಡಲ ಕಡೆಗೆ:
ಸುಟ್ಟ ಇಟ್ಟಿಗೆ ಚೂರು 5 ಪಾಲು
ದಪ್ಪ ಮರಳು ಅಥವಾ ಜಲ್ಲಿ ಕ್ರಷರಿನ ಸಣ್ಣ ಕಲ್ಲು 3 ಪಾಲು
ಇದ್ದಿಲು ಚೂರು 1 ಪಾಲು
ಜರಡಿ ಹಿಡಿದ, ಪೂರ್ತಿ ಕಳಿತ ಕಾಂಪೋಸ್ಟ್ 1 ಪಾಲು

ಕುಶಾಲನಗರ ಕಡೆ ಮಳೆ ಕಡಿಮೆ, ಅಲ್ಲಿ ಕಾಂಪೋಸ್ಟ್ 2 ಪಾಲು ಮಾಡಿ ಕಲ್ಲು ಒಂದು ಪಾಲು ಇಳಿಸಿ. ಅಜೇಲಿಯಾಕ್ಕೆ ಈ ಮಿಶ್ರಣ ಅಲ್ಲ, ಅದಕ್ಕೆ ಹುಳಿ ಗುಣದ್ದು ಬೇರೆ ಮಾಡಬೇಕು.

ಎಲ್ಲವೂ 3ರಿಂದ 6 ಮಿಲಿಮೀಟರ್ ಕಣ ಇರಬೇಕು. ಎರಡು ಜರಡಿ ಸಾಕು: 6 ಮಿ.ಮೀ. ಜರಡಿಯಲ್ಲಿ ನಿಂತದ್ದು ಕುಂಡದ ತಳಕ್ಕೂ ಬೇಡ, ಮತ್ತೆ ಕುಟ್ಟಿ. 2-3 ಮಿ.ಮೀ. ಜರಡಿಯಲ್ಲಿ ಇಳಿದ ಪುಡಿ ಹೂಗಿಡಗಳಿಗೆ. ಕೊನೆಗೆ ಬಕೆಟಿನಲ್ಲಿ ಹಾಕಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಧೂಳು ಉಳಿದರೆ ಎರಡು ಮಳೆಗೆ ತಳದಲ್ಲಿ ಸಿಮೆಂಟಿನಂತೆ ಕೂರುತ್ತೆ.

ಇಟ್ಟಿಗೆಯನ್ನು ಪರೀಕ್ಷಿಸಿಯೇ ತನ್ನಿ. ಒಂದು ತುಂಡನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಎರಡು ಬೆರಳಲ್ಲಿ ಗಟ್ಟಿಯಾಗಿ ಉಜ್ಜಿ. ಕೆಸರು ಬಂದರೆ ಅರೆಬೆಂದ ಇಟ್ಟಿಗೆ, ವಾಪಸ್ ಹಾಕಿ. ಗೂಡಿನ ಮಧ್ಯದಲ್ಲಿ ಬೆಂದ ಕಡುಗೆಂಪು ಇಟ್ಟಿಗೆ ತಟ್ಟಿದರೆ ಟಣ್ ಅನ್ನುತ್ತೆ, ಅದು ಬೇಕು. ಹಳೇ ಗೋಡೆ ಒಡೆದ ಇಟ್ಟಿಗೆಯಲ್ಲಿ ಸುಣ್ಣ, ಸಿಮೆಂಟು ಅಂಟಿರುತ್ತೆ, ಕ್ಷಾರ ಏರಿ ಕಾಫಿ, ಅಜೇಲಿಯಾ ಎರಡೂ ಹಳದಿಗೆ ತಿರುಗುತ್ತವೆ.

ಸೋಮವಾರಪೇಟೆ ತೋಟ
ಇಟ್ಟಿಗೆ ಯಾಕೆ, ಜಂಬಿಟ್ಟಿಗೆ ಚೂರು ಪುಕ್ಕಟೆ ಸಿಗುತ್ತಲ್ಲ.

ಇಟ್ಟಿಗೆಚೂರು
ಜಂಬಿಟ್ಟಿಗೆಯಲ್ಲಿ ಗಟ್ಟಿ ಕೆಂಪು ಗಂಟಿನ ಜೊತೆಗೆ ಮೆತ್ತನೆ ಹಳದಿ ಜೇಡಿಯೂ ಇರುತ್ತೆ. ಕುಟ್ಟಿದಾಗ ಎರಡೂ ಬೇರೆಯಾಗುವುದಿಲ್ಲ, ಮಳೆಗೆ ಜೇಡಿ ಕರಗಿ ತಳಕ್ಕೆ ಇಳಿಯುತ್ತೆ. ತೊಳೆದು ತೊಳೆದು ಗಟ್ಟಿ ಗಂಟನ್ನಷ್ಟೇ ಆರಿಸುವ ತಾಳ್ಮೆ ಇದ್ದರೆ ಬಳಸಿ. ನನ್ನ ಮತ ಬೇಡ ಎಂದೇ.

ಮಂಜಿನಮನೆ
ಮಳೆಗಾಲಕ್ಕೆ ಜುನಿಪರನ್ನು ಜಗುಲಿಯಲ್ಲಿ ಇಟ್ಟರೆ ಸಾಕಲ್ಲವೇ?

ಗೋಣಿಮರ
ಸಾಲದು. ಜುಲೈ ಮಬ್ಬಿನಲ್ಲಿ ಬಯಲಲ್ಲೇ ಬೆಳಕು ಕಡಿಮೆ, ಜಗುಲಿಯ ಹೆಂಚಿನ ಮಾಡಿನ ಕೆಳಗೆ ಅದರ ಸಣ್ಣ ಪಾಲೂ ಸಿಗದು. ಜುನಿಪರ್ ಒಳಭಾಗದ ಎಲೆ ಬಿಡುತ್ತೆ, ಮತ್ತೆ ಹಳೇ ಕಟ್ಟಿಗೆಯಿಂದ ಚಿಗುರುವುದಿಲ್ಲ. ಬೇಕಾದದ್ದು ಬೆಳಕು ಬರುವ, ಮಳೆ ಬಾರದ, ಗಾಳಿ ಆಡುವ ಚಪ್ಪರ.

ಜಿಐ ಪೈಪು ಅಥವಾ ಬಿದಿರಿನ ಕಂಬ, ಮುಂದೆ ಏಳು ಅಡಿ, ಹಿಂದೆ ಐದೂವರೆ. ತಗ್ಗು ಬದಿ ನೈಋತ್ಯಕ್ಕೆ ಇರಲಿ, ಇರಚಲು ಬರುವುದೇ ಅಲ್ಲಿಂದ. ಮೇಲೆ 200 ಮೈಕ್ರಾನಿನ ಯುವಿ ಪ್ಲಾಸ್ಟಿಕ್ ಶೀಟು, ಸಾಧಾರಣ ಪ್ಲಾಸ್ಟಿಕ್ ಒಂದೇ ಬೇಸಿಗೆಗೆ ಪುಡಿಯಾಗುತ್ತೆ. ನಾಲ್ಕೂ ಬದಿ ಮುಚ್ಚಬೇಡಿ. ಮುಚ್ಚಿದರೆ ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತೆ. ನೈಋತ್ಯಕ್ಕೆ ಮಾತ್ರ ಎರಡಡಿ ಇಳಿಬಿಟ್ಟರೆ ಸಾಕು. ಕುಂಡ ಇಡುವ ಮೇಜು ನೆಲದಿಂದ ಎರಡೂವರೆ ಅಡಿ, ಅಡಿಕೆ ದಬ್ಬೆಗಳ ನಡುವೆ ಒಂದಿಂಚು ಸಂದು. ನೆಲದ ಮೇಲಿಟ್ಟರೆ ಹನಿ ಎಗರಿ ಮಣ್ಣಿನ ರೋಗ ಎಲೆಗೆ ಬರುತ್ತೆ, ಬಸವನಹುಳುವಿಗೂ ದಾರಿ ಸುಲಭ.

ಜುಲೈ ನಡುವೆ ಒಮ್ಮೆ ಶೀಟಿನ ಮೇಲಿನ ಪಾಚಿ ತೊಳೆಯಿರಿ, ಇಲ್ಲದಿದ್ದರೆ ಅದೂ ಹೆಂಚಿನ ಮಾಡೇ.

ಚಪ್ಪರದ ಕೆಳಗಿನ ಗಿಡಕ್ಕೆ ನೀರು ಹಾಕುವುದನ್ನು ಮರೆಯುವವರು ಬಹಳ. ಹೊರಗೆ ಧೋ ಅಂತ ಸುರಿಯುತ್ತಿರುತ್ತೆ, ಒಳಗೆ ಗಿಡ ಒಣಗುತ್ತಿರುತ್ತೆ. ಸಿಪ್ಪೆ ತೆಗೆದ ಬಿದಿರುಕಡ್ಡಿಯನ್ನು ಮಣ್ಣಿಗೆ ಎರಡು ಇಂಚು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿ ಕಪ್ಪಗೆ ಒದ್ದೆಯಾಗಿದ್ದರೆ ಬೇಡ, ತುದಿ ಮಾತ್ರ ತೇವ ಇದ್ದರೆ ಹಾಕಿ.

ಕುಂಡಪ್ರಿಯ
ಫೈಕಸ್‌ಗೂ ಚಪ್ಪರ ಬೇಕಾ?

ಗೋಣಿಮರ
ಮಣ್ಣು ಸರಿ ಇದ್ದರೆ ಫೈಕಸ್ ಮಳೆಯನ್ನು ಕುಡಿದು ಬೆಳೆಯುತ್ತೆ, ಬಿಳಲೂ ಇಳಿಸುತ್ತೆ. ಗೋಣಿ, ಬಸರಿ, ಅತ್ತಿ, ಆಲ ಎಲ್ಲ ಕಾಫಿ ತೋಟದ ನೆರಳಿನ ಮರಗಳೇ ಅಲ್ವಾ. ಅತ್ತಿಯ ಎಲೆ ದೊಡ್ಡದು, ಸಣ್ಣ ಕುಂಡಕ್ಕೆ ಹೊಂದದು. ಬಸರಿ ಚೆನ್ನಾಗಿ ಬಗ್ಗುತ್ತೆ.

ಫೈಕಸ್‌ಗೆ ಮಾತ್ರ ಇಲ್ಲಿಯ ಚಳಿಗಾಲ ನಿಜವಾಗಿ ತಟ್ಟುತ್ತೆ. ರಾತ್ರಿ 12-13 ಡಿಗ್ರಿ ಸತತವಾಗಿ ಇದ್ದರೆ ಬೇರು ಕೆಲಸ ನಿಲ್ಲಿಸಿದ ಹಾಗೆಯೇ. ಆಗ ಹಳೇ ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ನೀರು ಅರ್ಧಕ್ಕೆ ಇಳಿಸಿ, ಗೊಬ್ಬರ ನಿಲ್ಲಿಸಿ, ಪೂರ್ವದ ಬಿಸಿಲು ಬೀಳುವ ಗೋಡೆಯ ಪಕ್ಕ ಇಡಿ. ಹುತ್ತರಿಯಿಂದ (ನವೆಂಬರ್-ಡಿಸೆಂಬರಿನ ಕೊಡಗಿನ ಸುಗ್ಗಿ ಹಬ್ಬ) ಶಿವರಾತ್ರಿವರೆಗೆ ಫೈಕಸ್ ಬೇರಿಗೆ ಕತ್ತರಿ ಹಾಕಬೇಡಿ. ಕುಂಡ ಬದಲಿಸುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯೊಳಗೆ. ಬೇರಿನ ಮೂರನೇ ಒಂದು ಭಾಗ ತೆಗೆಯಬಹುದು. ಮೇ ಎರಡನೇ ವಾರದ ನಂತರ ಬೇಡ. ಮಳೆ ಹಿಡಿಯುವ ಮೊದಲು ಹೊಸ ಬೇರು ಮಣ್ಣು ತುಂಬಲು ಕನಿಷ್ಠ ನಾಲ್ಕು ವಾರ ಬೇಕು. ಬೇರಿಲ್ಲದ ಮಣ್ಣು ಒದ್ದೆಯಾಗಿಯೇ ಉಳಿಯುತ್ತೆ. ಎಲೆ ಪೂರ್ತಿ ಕಿತ್ತು ಸಣ್ಣ ಎಲೆ ಬರಿಸುವ ಕೆಲಸವೂ ಏಪ್ರಿಲ್‌ಗೇ. ಜೂನಿನಲ್ಲಿ ಕಿತ್ತರೆ ಮಬ್ಬಿಗೆ ಎಲೆ ಮೊದಲಿಗಿಂತ ದೊಡ್ಡದಾಗಿ, ಗೆಣ್ಣು ಉದ್ದವಾಗಿ ಬರುತ್ತೆ.

ತಂತಿ ಸುತ್ತಿದ್ದರೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ, ಆರೇಳು ವಾರಕ್ಕೆ ತೊಗಟೆಗೆ ಕಚ್ಚುತ್ತೆ. ಬಿಚ್ಚಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಕಾಫಿಕಾಡು
ಕೊಡಗಿನಲ್ಲಿ ಇದ್ದುಕೊಂಡು ಕಾಫಿಯನ್ನೇ ಬಿಟ್ಟು ಮಾತಾಡುತ್ತಿದ್ದೇವೆ. ಮರುನಾಟಿಗೆ ಕಿತ್ತ ಹಳೇ ಅರೇಬಿಕಾ ಬುಡಗಳು ಸೌದೆಗೆ ಹೋಗುತ್ತವೆ. ಮೂರ್ನಾಲ್ಕು ಇಂಚು ದಪ್ಪ, ಬಿಳಿಚು ತೊಗಟೆ, ಗಂಟುಗಳು. ನರ್ಸರಿಯಲ್ಲಿ ದುಡ್ಡು ಕೊಟ್ಟರೂ ಇಂಥ ಬುಡ ಸಿಗದು. ವಿಧಾನ ಹೇಳುತ್ತೇನೆ.

ಕಾಲ: ಹಣ್ಣು ಕೊಯ್ದ ಮೇಲೆ, ಮೊದಲ ಹೂಮಳೆ ಬಿದ್ದ ಬೆನ್ನಿಗೆ, ಮಾರ್ಚ್-ಏಪ್ರಿಲ್.

ಆರಿಸುವಾಗ ಮೊದಲು ಬಿಳಿ ಕಾಂಡಕೊರಕ ನೋಡಿ. ತೆಂಗಿನ ನಾರಿನಿಂದ ಕಾಂಡವನ್ನು ಗಸಗಸ ಉಜ್ಜಿದರೆ ಸಡಿಲ ತೊಗಟೆ ಉದುರಿ ಮೈ ಕಾಣುತ್ತೆ. ತೊಗಟೆಯ ಕೆಳಗೆ ಹಗ್ಗದಂತೆ ಉಬ್ಬಿದ ಗೆರೆ ಇದ್ದರೆ ಒಳಗೆ ಹುಳು ಸುರಂಗ ಕೊರೆದಿದೆ. ಅಡ್ಡ ಕುಯ್ದ ಮುಖದಲ್ಲಿ ಪುಡಿ ತುಂಬಿದ ದುಂಡು ತೂತು ಕಾಣುತ್ತೆ. ಅಂಥದ್ದನ್ನು ಮನೆಗೆ ತರಬೇಡಿ, ಸುಟ್ಟುಬಿಡಿ. ದುಂಬಿ ಹಾರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರಿನಲ್ಲಿ, ಬಿಸಿಲು ಬಿದ್ದ ಕಾಂಡದ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ. ಆ ತಿಂಗಳುಗಳಲ್ಲಿ ಬೋನ್ಸಾಯ್ ಕಾಂಡವನ್ನೂ ನಾರಿನಲ್ಲಿ ಉಜ್ಜಿ ನುಣುಪಾಗಿ ಇಡಿ.

ಕತ್ತರಿಸುವುದು: ಬುಡದಿಂದ 8-10 ಇಂಚಿಗೆ ಓರೆಯಾಗಿ, ಗರಗಸದಿಂದ. ತಾಯಿಬೇರು ನಾಲ್ಕೈದು ಇಂಚಿಗೆ ಕುಯ್ಯಿರಿ, ಪಕ್ಕದ ಬೇರುಗಳನ್ನು ಆದಷ್ಟು ಉಳಿಸಿ. ಮೇಲಿನ ಗಾಯಕ್ಕೆ ಬೋರ್ಡೋ ಮುಲಾಮು: ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ನೀರು 1 ಲೀಟರ್. ಬೇರಿನ ಗಾಯಕ್ಕೆ ಹಚ್ಚಬೇಡಿ.

ನೆಡುವುದು: 8 ಇಂಚು ಆಳದ ಪ್ಲಾಸ್ಟಿಕ್ ಬುಟ್ಟಿ, ಮೇಲೆ ಹೇಳಿದ ಇಟ್ಟಿಗೆ ಮಿಶ್ರಣ. ಅರ್ಧ ನೆರಳು. ಬುಡ ಅಲುಗದಂತೆ ತಂತಿಯಿಂದ ಬುಟ್ಟಿಗೆ ಬಿಗಿಯಿರಿ, ಅಲುಗಿದರೆ ಹೊಸ ಬೇರಿನ ತುದಿ ಹರಿಯುತ್ತೆ. ಒಂದೆರಡು ತಿಂಗಳಲ್ಲಿ ಬುಡದ ತುಂಬ ಚಿಗುರು ಬರುತ್ತೆ. ನಾಲ್ಕು ಇಂಚು ಬೆಳೆದ ಮೇಲೆ ಮೂರೋ ನಾಲ್ಕೋ ಉಳಿಸಿ ಬೇರೆಲ್ಲ ಚಿವುಟಿ.

ಇನ್ನು ಕಾಫಿಯ ವಿಶೇಷ. ನೇರ ಚಿಗುರು ನೇರವಾಗಿಯೇ ಬೆಳೆಯುತ್ತೆ, ಅದರ ಪ್ರತಿ ಗೆಣ್ಣಿನಲ್ಲಿ ಒಂದು ಜೊತೆ ಅಡ್ಡರೆಂಬೆ ಬರುತ್ತೆ. ಆ ಅಡ್ಡರೆಂಬೆಯನ್ನು ಬುಡಕ್ಕೆ ಕತ್ತರಿಸಿದರೆ ಅದೇ ಗೆಣ್ಣಿನಲ್ಲಿ ಇನ್ನೊಂದು ಹುಟ್ಟುವುದಿಲ್ಲ. ಎರಡು ಗೆಣ್ಣು ಬಿಟ್ಟು ಕತ್ತರಿಸಿದರೆ ಉಪರೆಂಬೆಗಳು ಬರುತ್ತವೆ. ಫೈಕಸ್ ಕತ್ತರಿಸಿ ಅಭ್ಯಾಸ ಇರುವ ಕೈ ಕಾಫಿಯನ್ನು ಬೋಳು ಕಂಬ ಮಾಡುವುದು ಇಲ್ಲಿಯೇ. ಅಡ್ಡರೆಂಬೆಯ ತುಂಡು ಬೇರು ಬಿಟ್ಟರೂ ಅಡ್ಡಕ್ಕೇ ಹರಡುತ್ತೆ, ನೆಟ್ಟಗೆ ಏಳುವುದಿಲ್ಲ. ಕುಂಡದಿಂದ ಕೆಳಗೆ ಇಳಿಬೀಳುವ ಜಲಪಾತ ಶೈಲಿಗೆ ಬೇಕೆಂದರೆ ಅದನ್ನೇ ಬಳಸಿಕೊಳ್ಳಬಹುದು.

ಕುಂಡಪ್ರಿಯ
ಕಾಫಿ ಎಲೆ ಸಣ್ಣದಾಗುತ್ತಾ? ಹೂ ಬರುತ್ತಾ?

ಕಾಫಿಕಾಡು
ಎಲೆ ಸ್ವಲ್ಪ ಕಿರಿದಾಗುತ್ತೆ, ಬಹಳ ಆಸೆ ಬೇಡ. ಅದಕ್ಕೇ ಒಂದೂವರೆ ಅಡಿಗಿಂತ ಕಿರಿದಾದ ಕಾಫಿ ಬೋನ್ಸಾಯ್ ಚೆನ್ನಾಗಿ ಕಾಣದು. ಸಸಿಯಿಂದ ಶುರು ಮಾಡುವವರು ಚಂದ್ರಗಿರಿ ಎನ್ನುವ ಅರೇಬಿಕಾ ತಳಿ ಆರಿಸುತ್ತಾರೆ, ಗೆಣ್ಣು ಹತ್ತಿರ ಇರುತ್ತೆ ನಿಜ, ಎಲೆ ಮಾತ್ರ ದಪ್ಪ, ದೊಡ್ಡದು.

ಹೂ ಬರುವುದು ಹಿಂದಿನ ಮಳೆಗಾಲದಲ್ಲಿ ಬೆಳೆದ ಅಡ್ಡರೆಂಬೆಯಲ್ಲಿ. ಸೆಪ್ಟೆಂಬರ್ ನಂತರ ಕತ್ತರಿಸಿದರೆ ಹೂ ಹೋಯಿತು. ಜನವರಿ ಕೊನೆಯಿಂದ ನೀರು ಕಡಿಮೆ ಮಾಡಿ, ಮಧ್ಯಾಹ್ನ ಎಲೆ ತುಸು ಬಾಡಿ ಸಂಜೆಗೆ ಚೇತರಿಸಿಕೊಳ್ಳುವ ಹದದಲ್ಲಿ ಇಡಿ. ಮೊಗ್ಗು ಅಕ್ಕಿಕಾಳಿಗಿಂತ ತುಸು ಉದ್ದವಾಗಿ ನಿಂತಾಗ ಒಂದು ದಿನ ಕುಂಡ ಮುಳುಗಿಸಿ ಎಲೆ ಮೇಲೂ ನೀರು ಸುರಿಯಿರಿ. ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ ಅರಳುತ್ತೆ. ಆಮೇಲೆ ನೀರು ತಪ್ಪಿಸಬಾರದು, ತೋಟಕ್ಕೆ ಹೂವಾದ ಮೇಲಿನ ಹಿಂಬಾಲು ಮಳೆ ಬೇಕಾದ ಹಾಗೇ. ಹಣ್ಣು ಹತ್ತು ಹದಿನೈದಕ್ಕಿಂತ ಹೆಚ್ಚು ಬಿಡಬೇಡಿ, ಗಿಡ ಸೊರಗುತ್ತೆ.

ಸೋಮವಾರಪೇಟೆ ತೋಟ
ರೋಗಕ್ಕೆ ಬೋರ್ಡೋ ಎಲ್ಲದಕ್ಕೂ ಹೊಡೆಯಬಹುದಾ?

ಇಟ್ಟಿಗೆಚೂರು
ಮಳೆಗೆ ಮುಂಚೆ, ಮೇ ಕೊನೆಯಲ್ಲಿ ಒಂದು ಸಲ, ಆಗಸ್ಟ್ ಹೊಳವಿನಲ್ಲಿ ಇನ್ನೊಂದು ಸಲ. ಶೇ. 0.5 ಸಾಕು: 10 ಲೀಟರಿಗೆ ಮೈಲುತುತ್ತ 50 ಗ್ರಾಂ, ಸುಣ್ಣ 50 ಗ್ರಾಂ. ಪ್ಲಾಸ್ಟಿಕ್ ಬಕೆಟಿನಲ್ಲೇ ಮಾಡಿ. ಮಸೆದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ, ಕೆಂಪು ಲೇಪ ಹಿಡಿದರೆ ಇನ್ನೂ ಸುಣ್ಣ ಬೇಕು. ಹಾಗೇ ಹೊಡೆದರೆ ಎಲೆ ಸುಡುತ್ತೆ, ಅಲ್ಯೂಮಿನಿಯಂ ತಂತಿಯನ್ನೂ ತಿನ್ನುತ್ತೆ. ಎಳೆ ಚಿಗುರಿಗೆ, ಒಣಗಲು ಅವಕಾಶವಿಲ್ಲದ ದಿನ ಹೊಡೆಯಬೇಡಿ. ಅಜೇಲಿಯಾವನ್ನು ಬಿಟ್ಟುಬಿಡಿ.

ಜುನಿಪರಿಗೆ ಇನ್ನೊಂದು ಶತ್ರು ಮಾರ್ಚ್-ಏಪ್ರಿಲ್‌ನ ಜೇಡನುಸಿ. ಬಿಳಿ ಕಾಗದದ ಮೇಲೆ ರೆಂಬೆ ತಟ್ಟಿ, ಬಿದ್ದ ಚುಕ್ಕಿ ನಡೆದರೆ ನುಸಿ. ಬೆಳಿಗ್ಗೆ ಎಲೆಯ ಅಡಿಗೆ ರಭಸದ ನೀರು, ಸಂಜೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಒಂದೆರಡು ಹನಿ ಸೋಪು. ವಾರ ಬಿಟ್ಟು ಮತ್ತೊಮ್ಮೆ.

ಗೊಬ್ಬರ: ಮಳೆಗಾಲದಲ್ಲಿ ಹಿಂಡಿ ಹಾಕಿದರೆ ಹುಳ ಆಗುತ್ತೆ. ಜೂನ್-ಆಗಸ್ಟ್ ಬಿಡಿ. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ 19:19:19 (ನೀರಿನಲ್ಲಿ ಕರಗುವ ಎನ್‌ಪಿಕೆ ರಸಗೊಬ್ಬರ) ಲೀಟರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ. ಕೊಡಗಿನಲ್ಲಿ ನಿಜವಾದ ಬೆಳವಣಿಗೆಯ ಕಾಲ ಅದೇ: ಬಿಸಿಲೂ ಇದೆ, ತೇವವೂ ಇದೆ.

ಗೋಣಿಮರ
ಒಂದು ಮಾತು ಸೇರಿಸುತ್ತೇನೆ. ಕಾಡಿನಿಂದ, ದೇವರಕಾಡಿನಿಂದ ಗಿಡ ಕೀಳಬೇಡಿ, ಕಾನೂನಿನಲ್ಲೂ ಅಪರಾಧ. ಮೋರಿ, ಕಾಂಪೌಂಡು, ಹಳೇ ಗೋಡೆಯ ಬಿರುಕಿನಲ್ಲಿ ಹಕ್ಕಿ ಹಾಕಿದ ಗೋಣಿ, ಬಸರಿ ಸಸಿಗಳು ಬೇಕಾದಷ್ಟಿವೆ. ಮನೆಯವರೇ ಕಿತ್ತುಕೊಡುತ್ತಾರೆ.

ಮಂಜಿನಮನೆ
ಎಲ್ಲರಿಗೂ ಥ್ಯಾಂಕ್ಸ್. ಈಗ ಡಿಸೆಂಬರ್. ಜುನಿಪರಿನ ಮಣ್ಣು ಈಗಲೇ ಬದಲಿಸಲೇ, ಕಾಯಲೇ?

ಗೋಣಿಮರ
ಸಾಮಾನ್ಯವಾಗಿ ಜನವರಿ ಕೊನೆಯಿಂದ ಫೆಬ್ರವರಿ. ನಿಮ್ಮದು ಕೊಳೆತಿರುವುದರಿಂದ ಕಾಯಬೇಡಿ, ಆದರೆ ಪೂರ್ತಿ ಮಣ್ಣು ತೊಳೆಯಲೂ ಬೇಡಿ. ಕಪ್ಪಾದ ತಳದ ಒಂದಿಂಚು ಚೂಪು ಕತ್ತರಿಯಿಂದ ತೆಗೆಯಿರಿ, ಪ್ರತಿ ಕಡಿತಕ್ಕೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಸುತ್ತಲಿನ ಮಣ್ಣನ್ನು ಕಡ್ಡಿಯಿಂದ ಅರ್ಧ ಇಂಚು ಬಿಡಿಸಿ, ನಡುವಿನ ಗುಡ್ಡೆಯನ್ನು ಹಾಗೇ ಬಿಡಿ, ಅದನ್ನು ಮುಂದಿನ ವರ್ಷಗಳಲ್ಲಿ ಒಂದೊಂದು ಬದಿಯಂತೆ ಬದಲಿಸಿದರಾಯಿತು. ಐದಾರು ಇಂಚು ಆಳದ ಬುಟ್ಟಿಗೆ ಇಟ್ಟಿಗೆ ಮಿಶ್ರಣ ಹಾಕಿ ಕೂರಿಸಿ, ತಂತಿಯಿಂದ ಬಿಗಿಯಿರಿ. ಹಸಿರು ಎಲೆ ಕತ್ತರಿಸಬೇಡಿ, ಹೊಸ ಬೇರಿಗೆ ಶಕ್ತಿ ಕೊಡುವುದು ಅದೇ. ಎರಡು ವಾರ ಬೆಳಗಿನ ಬಿಸಿಲು ಮಾತ್ರ, ಗಾಳಿಯ ಹೊಡೆತ ಬೇಡ. ತುದಿಯಲ್ಲಿ ತಿಳಿಹಸಿರು ಕಾಣುವವರೆಗೆ ಗೊಬ್ಬರದ ಹತ್ತಿರ ಹೋಗಬೇಡಿ.

ಇಟ್ಟಿಗೆಚೂರು
ಬುಟ್ಟಿಯ ಸಂದಿನಿಂದ ಮಿಶ್ರಣ ಸೋರುತ್ತೆ, ಒಳಗೆ ಹಸಿರು ನೆರಳುಬಲೆಯ ಒಂದೇ ಪದರ ಹಾಸಿ. ಎರಡು ಪದರ ಹಾಸಿದರೆ ನೀರು ಅಲ್ಲೇ ತಡೆಯುತ್ತೆ.